ಗೋಡೆ ಬೆವರುವುದೇಕೆ?

ಬೇಸ್‌ಮೆಂಟ್ ಎಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್ ಅಲ್ಲ. ಉತ್ತರ ಅಮೆರಿಕದ ಚಳಿಸೀಮೆಯಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಅಡಿಪಾಯ ಆ ಹೆಪ್ಪಿನ ಮಟ್ಟಕ್ಕಿಂತ ಕೆಳಗೆ ಇಳಿಯಲೇಬೇಕು. ಶಿಕಾಗೋದಲ್ಲಿ ಅದು 42 ಇಂಚು, ಟೊರಾಂಟೊದಲ್ಲಿ ಸುಮಾರು 4 ಅಡಿ. ಹೇಗೂ ಇಷ್ಟು ತೋಡಿದ್ದಾಯಿತು, ಇನ್ನೊಂದಿಷ್ಟು ತೋಡಿದರೆ ಮನೆಯಗಲದ ಕೋಣೆಯೇ ಸಿಗುತ್ತದಲ್ಲ! ಬರಿ ಕಾಂಕ್ರೀಟಿನ ಆ ಹಗೇವಿಗೆ ಗೋಡೆ, ಚಾವಣಿ, ದೀಪ ಕೂಡಿಸುವುದೇ ‘ಫಿನಿಶ್’ ಮಾಡುವುದು. ಅಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಗಣೇಶನ ಹಬ್ಬದ ಊಟದ ಪಂಕ್ತಿ ಏಳುವುದು ಇಲ್ಲೇ.

“ವಾರಕ್ಕೆ ನಾಲ್ಕು ಗಂಟೆ ಬಿಡುವು ಸಿಗುತ್ತೆ ಸಾರ್, ಎಷ್ಟು ತಿಂಗಳಾಗಬಹುದು?” ಎಂದು ಕೇಳುವವರಿಗೆ ನನ್ನದು ಮರುಪ್ರಶ್ನೆ: ಹಿಮ ಕರಗುವ ಏಪ್ರಿಲ್‌ನಲ್ಲೂ ಸೆಕೆಯ ಜುಲೈನಲ್ಲೂ ಗೋಡೆಗೆ ಕೈ ಇಟ್ಟು ನೋಡಿದ್ದೀರಾ?

ಏಪ್ರಿಲ್‌ನ ನೀರು ಹೊರಗಿನದು. ಅದಕ್ಕೆ ಮದ್ದು ಹೊರಗೇ ಇದೆ. ಸೂರಿನ ನೀರಿನ ಕೊಳವೆಯನ್ನು ಗೋಡೆಯಿಂದ ದೂರಕ್ಕೆ ಚಾಚಿ, ಮೊದಲ 10 ಅಡಿಯಲ್ಲಿ ನೆಲ 6 ಇಂಚಾದರೂ ಇಳಿಜಾರಾಗುವಂತೆ ಮಣ್ಣು ಏರಿಸಿ. ಒಂದು ಶನಿವಾರದ ಕೆಲಸ.

ಎಲ್ಲರೂ ಎಡವುವುದು ಜುಲೈನಲ್ಲಿ. ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಮೂಡಿದರೆ ಲೋಟ ಸೋರುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಗೋಡೆ ಒದ್ದೆಯಾದರೆ ಮಾತ್ರ ಸೋರಿಕೆ ಎಂದೇ ತೀರ್ಮಾನ! ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ 60 ಎಂದುಕೊಳ್ಳಿ. ಆ ಗಾಳಿ ಸುಮಾರು 21 ಡಿಗ್ರಿಗೆ ತಣಿದರೆ ಸಾಕು, ತನ್ನ ನೀರನ್ನು ಇಳಿಸಿಬಿಡುತ್ತದೆ. ಮಣ್ಣಿಗೆ ಬೆನ್ನು ಕೊಟ್ಟು ನಿಂತ ಕಾಂಕ್ರೀಟಿನ ಕೆಳಭಾಗ ಬೇಸಿಗೆಯಲ್ಲೂ ಅದಕ್ಕಿಂತ ತಣ್ಣಗಿರುವುದುಂಟು. ನಾವೋ, ಕೋಣೆ ಮುಗ್ಗಲು ನಾತ ಬಂದರೆ ಕಿಟಕಿ ತೆಗೆದಿಡಬೇಕೆಂದು ಅಮ್ಮನಿಂದ ಕಲಿತವರು. ಇಲ್ಲಿ ಕಿಟಕಿ ತೆರೆದರೆ ನೀರನ್ನು ಕರೆದು ಮಣೆ ಹಾಕಿದಂತೆ. ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಾಕಿ.

ನೀರು ಎಲ್ಲಿಯದೆಂಬ ಅನುಮಾನವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಒತ್ತಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿದ್ದರೆ ಕಾಂಕ್ರೀಟಿನದು, ನಿಮ್ಮ ಕಡೆಯ ಮೈಯಲ್ಲಿದ್ದರೆ ಗಾಳಿಯದು. ಇಷ್ಟು ಅಗ್ಗದಲ್ಲಿ ಇಷ್ಟು ನಿಜ ಹೇಳುವ ಪರೀಕ್ಷೆ ಇನ್ನೊಂದನ್ನು ನಾನು ಕಂಡಿಲ್ಲ.

ಚಳಿಗಾಲದಲ್ಲಿ ಆಟ ಮಗುಚುತ್ತದೆ. ಆಗ ತೇವ ಮನೆಯೊಳಗಿನ ಬೆಚ್ಚನೆ ಗಾಳಿಯಲ್ಲಿ, ಅನ್ನ ಸಾರಿನ ಹಬೆಯಲ್ಲಿ ಇರುತ್ತದೆ. ನೆಲಮಟ್ಟಕ್ಕಿಂತ ಮೇಲೆ ಇಣುಕುವ ಗೋಡೆಯ ಭಾಗವೇ ಆಗ ಅತಿ ತಣ್ಣಗೆ. ಮರದ ಚೌಕಟ್ಟಿನ ನಡುವೆ ಫೈಬರ್‌ಗ್ಲಾಸ್ ತುರುಕಿದರೆ ಶಾಖವೇನೋ ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ. ಅದು ನುಸುಳಿ ಹೋಗಿ ಹಿಂದಿನ ಗೋಡೆಗೆ ನೀರು ಕಟ್ಟುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರೆ ಕಟ್ಟಿದ ನೀರು ಕೋಣೆಯ ಕಡೆಗೆ ಆರಲೂ ಆಗದು. ಗೆಳೆಯನೊಬ್ಬ ಹೀಗೆಯೇ ಆರು ವಾರಾಂತ್ಯ ಬೆವರು ಸುರಿಸಿ ಕಟ್ಟಿದ್ದ ಗೋಡೆಯನ್ನು ಮೂರನೇ ವರ್ಷ ಇಬ್ಬರೂ ಸೇರಿ ಬಿಚ್ಚಿದೆವು. ಮುಂದೆ ಹೊಸದರಂತೆ ಬಿಳಿ ಡ್ರೈವಾಲ್, ಅಂದರೆ ಜಿಪ್ಸಮ್ ಹಲಗೆ. ಹಿಂದೆ ಹಿಂಡಿದರೆ ನೀರಿಳಿಯುವ ಹಳದಿ ಹತ್ತಿ, ಮರದ ಬುಡಕ್ಕೆ ಎಳ್ಳು ಚೆಲ್ಲಿದಂತೆ ಕಪ್ಪು ಬೂಷ್ಟು. ತಪ್ಪು ಅವನದಷ್ಟೇ ಅಲ್ಲ, ಹಾಗೆ ಮಾಡು ಎಂದು ಹೇಳಿಕೊಟ್ಟವನು ನಾನೇ.

ಈಗ ಹೇಳುವುದೇ ಬೇರೆ. ಬೆಚ್ಚನೆ ಗಾಳಿಗೆ ತಣ್ಣನೆ ಕಾಂಕ್ರೀಟ್ ಸಿಗಲೇಬಾರದು. ಗಟ್ಟಿ ಫೋಮ್ ಹಲಗೆಯನ್ನು ನೇರ ಕಾಂಕ್ರೀಟಿಗೆ ಅಂಟಿಸಿ, ಸಂದುಗಳಿಗೆ ಟೇಪ್, ಅಂಚುಗಳಿಗೆ ಸ್ಪ್ರೇ ಫೋಮ್. ಮರದ ಚೌಕಟ್ಟು ಅದರ ಮುಂದೆ. ಫೋಮ್ ಬೆಂಕಿಗೆ ಬೇಗ ಸಿಗುವ ವಸ್ತು, ಅದಕ್ಕೇ ಮೇಲೆ ಅರ್ಧ ಇಂಚಿನ ಡ್ರೈವಾಲ್ ಕಡ್ಡಾಯ. ಡ್ರೈವಾಲಿನ ಬುಡ ನೆಲದಿಂದ ಅರ್ಧ ಇಂಚು ಮೇಲಿರಲಿ. ನೆಲಕ್ಕೆ ತಾಗಿದರೆ ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರು ಹೀರುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪರ್ಮಿಟ್ ತೆಗೆಸಿ, ವೈರಿಂಗನ್ನು ಇನ್‌ಸ್ಪೆಕ್ಟರ್ ನೋಡುವ ಮೊದಲು ಗೋಡೆ ಮುಚ್ಚಬೇಡಿ. ಮಲಗುವ ಕೋಣೆ ಮಾಡುವುದಾದರೆ ಬೆಂಕಿ ಬಿದ್ದಾಗ ಹೊರಗೆ ನುಸುಳಲು ಕಿಟಕಿ ಬೇಕು. ಅಮೆರಿಕದ ಮಾದರಿ ಕೋಡ್ ಕೇಳುವುದು ಸಾಮಾನ್ಯವಾಗಿ 5.7 ಚದರಡಿಯ ತೆರಪು. ಮಣ್ಣಿನಿಂದ ಏಳುವ ರೇಡಾನ್ ಅನಿಲದ ಪರೀಕ್ಷೆಯೂ ನೆಲಹಾಸಿಗೆ ಮೊದಲೇ ಆಗಲಿ.

ಇನ್ನು ಸಮಯ. ಸಾಮಾನು ಹರಡಲು, ಮತ್ತೆ ಎತ್ತಿಡಲು ಅರ್ಧರ್ಧ ಗಂಟೆ ಹೋಗುವುದರಿಂದ ಸಂಜೆಯ ಒಂದು ಗಂಟೆಯಲ್ಲಿ ಚೌಕಟ್ಟು ಕಟ್ಟಲು ಕೂರಬೇಡಿ, ಅದು ಶನಿವಾರಕ್ಕೆ. ಡ್ರೈವಾಲಿನ ಸಂದಿಗೆ ಮೆತ್ತುವ ‘ಮಡ್’ ಮಾತ್ರ ಬಿಡುವಿಲ್ಲದವರಿಗೆಂದೇ ಹುಟ್ಟಿದ್ದು. ಒಂದು ಪದರ ಬಳಿದು ಒಂದು ದಿನ ಒಣಗಲು ಬಿಡಬೇಕು, ಹೀಗೆ ಮೂರು ಸಲ. ಆಫೀಸಿನಿಂದ ಬಂದು ಬಳಿದು ಊಟಕ್ಕೆ ಕೂರಬಹುದು.

ಇದೆಲ್ಲಕ್ಕೂ ಮೊದಲು ಒಂದು ಕೋರಿಕೆ. ಅಗ್ಗದ ಆರ್ದ್ರತಾ ಮಾಪಕ ತಂದು ಗೋಡೆಗೆ ನೇತುಹಾಕಿ, ದಿನಾ ಉಷ್ಣತೆ, ಆರ್ದ್ರತೆಯ ಎರಡು ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಗೀಚಿಡಿ. ಗಾಳಿ, ಶಾಖ, ತೇವಗಳ ನಂಟನ್ನು ಒಂದೇ ಪುಟದಲ್ಲಿ ತೋರಿಸುವ ಸೈಕ್ರೊಮೆಟ್ರಿಕ್ ನಕ್ಷೆ ಎಂಬುದೊಂದಿದೆ. ಮೊದಲ ನೋಟಕ್ಕೆ ಜೇಡನ ಬಲೆ. ಆದರೆ ಒಂದು ಭಾನುವಾರ ಕಾಫಿ ಹಿಡಿದು ಕೂತರೆ ಬಿಡಿಸಿಕೊಳ್ಳುತ್ತದೆ. ನಿಮ್ಮ ಅಂಕಿಗಳನ್ನು ಅದರ ಮೇಲೆ ಗುರುತು ಹಾಕಿಕೊಂಡು, ಮರದ ಚೌಕಟ್ಟಿನ ಅಧ್ಯಾಯಕ್ಕೆ ಆಮೇಲೆ ಬನ್ನಿ.