ನದಿಯಿಲ್ಲದ ನಾಡಿನಿಂದ ನಮ್ಮ ನದಿಗಳಿಗೊಂದು ಪಾಠ

ಕತಾರಿನಲ್ಲಿ ನದಿಯಿಲ್ಲ. ಮಳೆಗಾಲದಲ್ಲಿ ಮೈದುಂಬಿ ಹರಿಯುವ ನೇತ್ರಾವತಿಯನ್ನು ಕಂಡು ಬೆಳೆದವರಿಗೆ ಈ ಕೊರತೆ ಇಲ್ಲಿಗೆ ಬಂದ ಮೊದಲ ವಾರದಲ್ಲೇ ಅರಿವಾಗುತ್ತದೆ. ಆದರೂ ಅಪಾಯಕಾರಿ ಸರಕನ್ನು ನೀರಿನ ಮೇಲೆ ಜೋಪಾನವಾಗಿ ಸಾಗಿಸುವ ವಿದ್ಯೆಯ ಮೇಲೆಯೇ ಈ ದೇಶದ ಸಂಪತ್ತು ನಿಂತಿದೆ. ದೋಹಾದ ಸರಕು ರವಾನೆ ಕಚೇರಿಯೊಂದರಲ್ಲಿ ಅಂಥ ಸರಕಿನ ಕಾಗದಪತ್ರಗಳನ್ನು ಪರಿಶೀಲಿಸುವುದು ನನ್ನ ಉದ್ಯೋಗ. ಕರ್ನಾಟಕದ ನದಿಗಳೂ ಜಲಮಾರ್ಗಗಳೆಂದು ಘೋಷಿತವಾಗಿರುವ ಈ ಕಾಲದಲ್ಲಿ, ಇಲ್ಲಿ ಕಲಿತದ್ದನ್ನು ಊರಿನವರೊಡನೆ ಹಂಚಿಕೊಳ್ಳಬೇಕೆನಿಸಿದೆ.

ದೋಹಾದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ರಾಸ್ ಲಫಾನ್ ಬಂದರಿದೆ. ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದರೆ ಅದು ದ್ರವವಾಗಿ, ಗಾತ್ರದಲ್ಲಿ ಆರುನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. 1996ರ ಕೊನೆಯಲ್ಲಿ ಇಂಥ ಮೊದಲ ಸರಕು ಇಲ್ಲಿಂದ ಜಪಾನಿಗೆ ಹೊರಟಿತು; 2004ರಲ್ಲಿ ಗುಜರಾತಿನ ದಹೇಜ್ ತಲುಪಿತು. ಕ್ಯೂ-ಮ್ಯಾಕ್ಸ್ ಎಂಬ ದೈತ್ಯ ಹಡಗೊಂದು ಸುಮಾರು 2,66,000 ಘನ ಮೀಟರ್ ದ್ರವಾನಿಲವನ್ನು ಹೊರಬಲ್ಲದು. ಇವುಗಳಿಗೆ ಎರಡು ಪದರದ ಒಡಲು. ಅತಿಶೀತಲ ದ್ರವ ತಾಗಿದರೆ ಸಾಮಾನ್ಯ ಉಕ್ಕು ಗಾಜಿನಂತೆ ಬಿರಿಯುವುದರಿಂದ ತೊಟ್ಟಿಗಳಿಗೆ ಬೇರೆಯೇ ಲೋಹ. ಅನಿಲ ಸೋರಿದರೆ ಎಚ್ಚರಿಸುವ ಸಾಧನಗಳೂ, ಸರಕು ತುಂಬುವಾಗ ಅವಘಡದ ಸುಳಿವು ಸಿಕ್ಕೊಡನೆ ಹರಿವನ್ನು ನಿಲ್ಲಿಸುವ ಕವಾಟಗಳೂ ಇರುತ್ತವೆ. ಇಲ್ಲಿ ಅಪಾಯ ಯಾವುದೆಂಬುದು ಎಲ್ಲರಿಗೂ ಮೊದಲೇ ತಿಳಿದಿದೆ. ಸಿದ್ಧತೆಯೆಲ್ಲವೂ ಆ ತಿಳಿವಿನಿಂದಲೇ ಹುಟ್ಟಿದ್ದು.

ಹೆಚ್ಚು ಭಯ ಹುಟ್ಟಿಸುವುದು ಮುಚ್ಚಿದ ಕಂಟೇನರಿನೊಳಗಿನ ಹೆಸರಿಲ್ಲದ ಪೆಟ್ಟಿಗೆ. ಅಂತಾರಾಷ್ಟ್ರೀಯ ಕಡಲ ಸಂಹಿತೆ ಅಪಾಯಕಾರಿ ವಸ್ತುಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆಯನ್ನು ನಮೂದಿಸುತ್ತದೆ. ಪೆಟ್ರೋಲಿಗೆ 1203, ಸುಗಂಧದ್ರವ್ಯಕ್ಕೆ 1266, ಕ್ಯಾಲ್ಸಿಯಂ ಕಾರ್ಬೈಡಿಗೆ 1402. ಕಾರ್ಬೈಡಿಗೆ ನೀರು ತಾಗಿದರೆ ಹೊತ್ತಿ ಉರಿಯುವ ಅಸಿಟಿಲೀನ್ ಅನಿಲ ಹೊಮ್ಮುತ್ತದೆ. ಬೆಂಕಿಗೆ ನೀರು ಹಾಯಿಸಬೇಕೋ ಬೇಡವೋ ಎಂಬುದನ್ನು ನಾವಿಕರು ಆ ಸಂಖ್ಯೆಯನ್ನು ನೋಡಿಯೇ ನಿರ್ಧರಿಸಬೇಕು. 2025ರ ಮೇ 25ರಂದು ಕೊಚ್ಚಿಯ ಹೊರಗಡಲಿನಲ್ಲಿ ಮುಳುಗಿದ ಎಂಎಸ್‌ಸಿ ಎಲ್ಸಾ-3 ಹಡಗಿನ 12 ಕಂಟೇನರುಗಳಲ್ಲಿ ಇದೇ ಕಾರ್ಬೈಡ್ ಇತ್ತು. ಎರಡು ವಾರಗಳ ಬಳಿಕ ಕೇರಳದ ಕರಾವಳಿಯಾಚೆ ವಾನ್ ಹೈ 503 ಹಡಗು ಹೊತ್ತಿಕೊಂಡಿತು. ಪಾರಾದ 18 ನಾವಿಕರನ್ನು ಮಂಗಳೂರಿಗೆ ಕರೆತರಲಾಯಿತು, ನಾಲ್ವರು ಕಣ್ಮರೆಯಾದರು.

ಕಡಲಿನಲ್ಲಿ ದೂರವೆಂಬುದೊಂದು ರಕ್ಷಣೆಯಿದೆ. ಕೆಟ್ಟ ಹಡಗನ್ನು ದಡದಿಂದಾಚೆಗೆ ಎಳೆದೊಯ್ಯಬಹುದು. ನದಿಗೆ ಆ ಅನುಕೂಲವಿಲ್ಲ. ಎರಡೂ ದಂಡೆಗಳಲ್ಲಿ ಊರುಗಳಿವೆ, ಕುಡಿಯುವ ನೀರಿನ ಸ್ಥಾವರಗಳಿವೆ. 2011ರ ಜನವರಿ 13ರಂದು ಜರ್ಮನಿಯ ರೈನ್ ನದಿಯಲ್ಲಿ, ಲೋರೆಲೈ ಬಂಡೆಯ ಬಳಿಯ ತಿರುವಿನಲ್ಲಿ, ಸುಮಾರು 2,400 ಟನ್ ಗಂಧಕಾಮ್ಲವನ್ನು ಹೊತ್ತ ವಾಲ್ಡ್‌ಹೋಫ್ ಎಂಬ ಹಡಗು ಮಗುಚಿತು. ಇಬ್ಬರು ಸಿಬ್ಬಂದಿ ಬದುಕುಳಿಯಲಿಲ್ಲ; ಜಗತ್ತಿನ ಅತಿ ನಿಬಿಡ ಜಲಮಾರ್ಗಗಳಲ್ಲೊಂದು ವಾರಗಟ್ಟಲೆ ಅಸ್ತವ್ಯಸ್ತವಾಯಿತು. ಪೂರ್ತಿ ತುಂಬದ ತೊಟ್ಟಿಯಲ್ಲಿ ದ್ರವ ಒಂದು ಬದಿಗೆ ಸರಿದರೆ ಹಡಗಿನ ಸಮತೋಲವೇ ಕೆಡುತ್ತದೆ. ತಲೆಯ ಮೇಲಿನ ಕೊಡದ ನೀರು ತುಳುಕುವುದನ್ನು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುರೋಪಿನ ಒಳನಾಡು ಜಲಮಾರ್ಗಗಳಿಗೆಂದೇ ಎಡಿಎನ್ ಎಂಬ ಒಪ್ಪಂದವಿದೆ. 2000ದಲ್ಲಿ ಜಿನೀವಾದಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂದ ಅದರ ಪ್ರಕಾರ ಅಪಾಯಕಾರಿ ಸರಕಿನ ಹಡಗಿನಲ್ಲಿ ತರಬೇತಾದ ತಜ್ಞನಿರಬೇಕು. ಅವಘಡವಾದರೆ ಏನು ಮಾಡಬೇಕೆಂಬ ಸೂಚನೆ ಸಿಬ್ಬಂದಿಗೆ ತಿಳಿಯುವ ಭಾಷೆಯಲ್ಲಿರಬೇಕು. ಹಗಲಿನಲ್ಲಿ ನೀಲಿ ಶಂಕುಗಳು, ಇರುಳಿನಲ್ಲಿ ನೀಲಿ ದೀಪಗಳು: ಉರಿಯುವ ಸರಕಿಗೆ ಒಂದು, ಆರೋಗ್ಯಕ್ಕೆ ಮಾರಕವಾದುದಕ್ಕೆ ಎರಡು, ಸ್ಫೋಟಕಕ್ಕೆ ಮೂರು. ಓದು ಬಾರದವನೂ ದಡದಲ್ಲಿ ನಿಂತು ಅದನ್ನು ಅರಿಯಬಲ್ಲ.

ನಮ್ಮಲ್ಲಿ 2016ರ ಕಾಯ್ದೆ ನೇತ್ರಾವತಿ, ಗುರುಪುರ, ಶರಾವತಿ, ಕಾಳಿ ಮೊದಲಾದ ನದಿಗಳನ್ನು ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಗೆ ಸೇರಿಸಿತು. 1917ರ ಹಳೆಯ ಕಾನೂನಿನ ಸ್ಥಾನದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದು ನೋಂದಣಿ, ವಿಮೆ, ಸುರಕ್ಷತೆ, ಮಾಲಿನ್ಯ ತಡೆಗಳನ್ನು ಒಂದೇ ಚೌಕಟ್ಟಿಗೆ ತಂದಿತು. ಕಾನೂನಿದ್ದರೆ ಸಾಲದು. ಮಂಗಳೂರು ನಗರ ಕುಡಿಯುವುದು ಇದೇ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರನ್ನು. ಇಂಧನವನ್ನೋ ರಾಸಾಯನಿಕವನ್ನೋ ನದಿಗಿಳಿಸುವ ಮುನ್ನವೇ, ಸೋರಿದರೆ ನೀರೆತ್ತುವ ಪಂಪನ್ನು ಯಾರು ನಿಲ್ಲಿಸುವರು, ದಂಡೆಯ ಜನರಿಗೆ ಯಾರು ತಿಳಿಸುವರು ಎಂಬುದು ನಿಶ್ಚಯವಾಗಿರಬೇಕು.

ಗಲ್ಫಿಗೆ ಬರಬಯಸುವ ತರುಣರಿಗೆ ಒಂದು ಮಾತು. ಅಪಾಯಕಾರಿ ಸರಕನ್ನು ನಿರ್ವಹಿಸುವ ದಡದ ಸಿಬ್ಬಂದಿಗೂ ಕಡಲ ಸಂಹಿತೆಯ ತರಬೇತಿ ಕಡ್ಡಾಯ. ವಿಮಾನ ಸರಕಿಗೆ ಬೇರೆಯದೇ ತರಬೇತಿಯಿದೆ. ಊರಿನಲ್ಲೇ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಇದನ್ನು ಮುಗಿಸಿ ಬಂದವರ ಅರ್ಜಿಗೆ ಬೇರೆಯೇ ತೂಕವಿರುತ್ತದೆ. ಹಡಗು ಬೇಗ ಹೊರಡಲೆಂದು ನಾಲ್ಕು ಕಡೆಯಿಂದ ಒತ್ತಡ ಬರುವಾಗ ‘ಈ ಕಾಗದ ಸರಿಯಿಲ್ಲ’ ಎನ್ನುವ ಧೈರ್ಯವನ್ನು ಮಾತ್ರ ಯಾವ ಪ್ರಮಾಣಪತ್ರವೂ ಕೊಡುವುದಿಲ್ಲ.

ಮನೆಯವರಿಗೂ ಇದರಲ್ಲಿ ಪಾಲಿದೆ. ರಜೆಯ ದಿನಗಳು ಹತ್ತಿರವಾದಂತೆ ಇಲ್ಲಿಂದ ಊರಿಗೆ ಪೆಟ್ಟಿಗೆಗಳು ಹೊರಡುತ್ತವೆ. ಅತ್ತಿಗೆಗೆ ಸುಗಂಧದ ಬಾಟಲಿ, ಅಳಿಯನಿಗೆ ಪವರ್ ಬ್ಯಾಂಕ್, ಅಣ್ಣನಿಗೆ ಲೈಟರಿನ ಅನಿಲ. ಪಟ್ಟಿಯಲ್ಲಿ ಮಾತ್ರ ‘ಗೃಹೋಪಯೋಗಿ ವಸ್ತುಗಳು’ ಎಂಬ ಒಂದೇ ಸಾಲು. ‘ಇಷ್ಟಕ್ಕೆಲ್ಲ ಏನಾದೀತು ಮಾರಾಯ್ರೆ’ ಎಂದು ನಗುವವರನ್ನು ದಿನವೂ ಕಾಣುತ್ತೇನೆ. ಅಂಥ ನೂರಾರು ಪೆಟ್ಟಿಗೆಗಳು ಒಂದೇ ಕಂಟೇನರಿನಲ್ಲಿ ಬಿಸಿಲಿಗೆ ಕಾಯುತ್ತವೆ. ಅದರ ಪಕ್ಕದಲ್ಲೇ ಮಲಗುವ ನಾವಿಕನಿಗೂ ಊರಿನಲ್ಲಿ ಕಾದಿರುವ ಮನೆಯಿದೆ. ಆದ್ದರಿಂದ ಊರಿನಿಂದ ಕರೆ ಮಾಡಿ ‘ಏನೇನು ಕಳಿಸಿದ್ದೀ’ ಎಂದು ವಿಚಾರಿಸುವವರು, ‘ಅದನ್ನೆಲ್ಲ ಪಟ್ಟಿಯಲ್ಲಿ ಬರೆಸಿದ್ದೀಯಾ’ ಎಂದೂ ಕೇಳಿಬಿಡಿ.