ಕೊರಳ ಬಾವು ಬೇಗ ಬೆಳೆದರೆ



ಮರಾಠಿಯಲ್ಲಿ ಗಲಗಂಡ, ನಮ್ಮಲ್ಲಿ ಗಳಗಂಡ. ಉಮದಿ, ಸಂಖದ ಕಡೆ ಎರಡೂ ಮಾತು ನಡೆಯುತ್ತವೆ. ಹೆಚ್ಚಿನ ಗಳಗಂಡಗಳು ಕ್ಯಾನ್ಸರ್ ಅಲ್ಲ, ವರ್ಷಗಟ್ಟಲೆ ಇದ್ದಂತೆಯೇ ಇರುತ್ತವೆ. ಇವತ್ತಿನ ಮಾತು ಹಾಗಿರದ ಬಾವಿನದು.

ಅರವತ್ತು ದಾಟಿದ ಅಜ್ಜಿ ಎಂದಿಟ್ಟುಕೊಳ್ಳಿ. ಎರಡು ತಿಂಗಳ ಹಿಂದೆ ಸಡಿಲವಾಗಿದ್ದ ಗುಳದಾಳಿ ಈಗ ಬಿಗಿಯಾಗಿದೆ. ರೊಟ್ಟಿ ನುಂಗಲು ತ್ರಾಸು, ದನಿ ಒಡೆದಿದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಇಷ್ಟು ಬೇಗ ಬೆಳೆಯುವ ಬಾವಿನ ಹಿಂದೆ ಥೈರಾಯ್ಡ್ ಗ್ರಂಥಿಯ ಎರಡು ಕ್ಯಾನ್ಸರ್‌ಗಳ ಸಂಶಯ ಬರಬೇಕು. ಒಂದು ಅನಾಪ್ಲಾಸ್ಟಿಕ್, ಬಹಳ ಕ್ರೂರವಾದದ್ದು. ಇನ್ನೊಂದು ಲಿಂಫೋಮಾ, ಅಂದರೆ ರಕ್ತದ ಬಿಳಿಕಣಗಳ ಜಾತಿಯ ಲಿಂಫೋಸೈಟ್‌ಗಳಿಂದ ಹುಟ್ಟುವ ಕ್ಯಾನ್ಸರ್. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದು ನೂರಕ್ಕೆ 5ಕ್ಕೂ ಕಡಿಮೆ. ಹೊರಗಿನಿಂದ ಎರಡೂ ಒಂದೇ ಥರ. ಆದರೆ ಲಿಂಫೋಮಾ ಔಷಧಿಗೂ ವಿಕಿರಣಕ್ಕೂ ಚೆನ್ನಾಗಿ ಮಣಿಯುತ್ತದೆ. ಗ್ರಂಥಿಯನ್ನೇ ತೆಗೆಯುವ ದೊಡ್ಡ ಆಪರೇಷನ್ ಅನೇಕ ಸಲ ಬೇಕಾಗುವುದಿಲ್ಲ. "ಇನ್ನೇನು ಉಳಿದಿಲ್ಲ, ಮನೆಗೆ ಒಯ್ಯೋಣ" ಎನ್ನುವ ಮೊದಲು ಯಾವುದೆಂದು ತಿಳಿಯಬೇಕು.

ತಿಳಿಯುವುದೇ ಕಷ್ಟ. 1912ರಲ್ಲಿ ಜಪಾನಿನ ಡಾಕ್ಟರ್ ಹಕಾರು ಹಾಶಿಮೊಟೊ ಒಂದು ಥೈರಾಯ್ಡ್ ಉರಿಯೂತವನ್ನು ವರ್ಣಿಸಿದರು. ಅದರಲ್ಲಿ ಗ್ರಂಥಿಯ ತುಂಬ ಲಿಂಫೋಸೈಟ್‌ಗಳು ಸೇರಿಕೊಳ್ಳುತ್ತವೆ. ಲಿಂಫೋಮಾ ಹುಟ್ಟುವುದು ಹೆಚ್ಚಾಗಿ ಇಂಥ ಗ್ರಂಥಿಯಲ್ಲೇ. (ಹಾಶಿಮೊಟೊ ಇದ್ದವರು ಗಾಬರಿಯಾಗಬೇಡಿ, ಬಹುತೇಕರಿಗೆ ಇದು ಬರುವುದೇ ಇಲ್ಲ.) ಹಾಗಾಗಿ ಸಣ್ಣ ಸೂಜಿ ಪರೀಕ್ಷೆಯಲ್ಲಿ ಎರಡೂ ಒಂದೇ ಥರ ಕಾಣಬಹುದು, ರಿಪೋರ್ಟಿನಲ್ಲಿ ಬರೀ ಉರಿಯೂತ ಎಂದು ಬರಬಹುದು. ಚೀಲದಿಂದ ಹಿಡಿ ಜೋಳ ತೆಗೆದರೆ ಕಾಳು ತಿಳಿಯುತ್ತದೆ, ಹೊಲದ ಸಾಲು ತಿಳಿಯುವುದಿಲ್ಲ. ಸಾಲು ನೋಡಲು ದಪ್ಪ ಸೂಜಿಯಿಂದಲೋ ಸಣ್ಣ ಶಸ್ತ್ರಕ್ರಿಯೆಯಿಂದಲೋ ತುಣುಕು ತೆಗೆಯಬೇಕು, ಅದಕ್ಕೇ ಬಯಾಪ್ಸಿ ಎನ್ನುವುದು. ಆ ತುಣುಕಿಗೆ ವಿಶೇಷ ಬಣ್ಣ ಕಟ್ಟಿ ಜೀವಕೋಶದ ಜಾತಿ ಗುರುತಿಸುತ್ತಾರೆ. ವೇಗವಾಗಿ ಬೆಳೆಯುವ ಜಾತಿಗೂ ನಿಧಾನದ ಜಾತಿಗೂ ಚಿಕಿತ್ಸೆ ಬೇರೆ. ರಕ್ತದ ಥೈರಾಯ್ಡ್ ಪರೀಕ್ಷೆ ಸರಿ ಬಂತೆಂದು ಸುಮ್ಮನಿರಬೇಡಿ; ಅದರಲ್ಲಿ ಈ ಕ್ಯಾನ್ಸರ್ ಕಾಣುವುದಿಲ್ಲ.

ಬಯಾಪ್ಸಿಗೆ ಮುಂಚೆ ಯಾರೋ ಕೊಟ್ಟ ಸ್ಟೀರಾಯ್ಡ್ ಗುಳಿಗೆ ನುಂಗಬೇಡಿ. ಬಾವು ಇಳಿದು ಗುಣವಾಯಿತೆನಿಸುತ್ತದೆ, ಆಮೇಲೆ ತೆಗೆದ ತುಣುಕಿನಲ್ಲಿ ರೋಗ ಸಿಗದೆ ಹೋಗಬಹುದು. ಆದರೆ ಉಸಿರಾಡುವಾಗ ಸದ್ದು ಬರುತ್ತಿದ್ದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಏನು ಮೊದಲೆಂದು ಡಾಕ್ಟರೇ ನಿರ್ಧರಿಸುತ್ತಾರೆ.

ಜತ್ತದವರಿಗೆ ಮಿರಜಿನ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, 1962ರಿಂದ. ಆ ಕಡೆ ಸೋಲಾಪುರ, ಈ ಕಡೆ ವಿಜಯಪುರ. ಸಂಶಯ ಉಳಿದರೆ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಮತ್ತೊಮ್ಮೆ ತೋರಿಸಬಹುದು. ಹೊರಡುವಾಗ ರಿಪೋರ್ಟಿನ ಜೊತೆಗೆ ಗಾಜಿನ ಸ್ಲೈಡನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬ್ಲಾಕ್ ಕೈಯಲ್ಲಿದ್ದರೆ ಅಜ್ಜಿಯ ಕೊರಳಿಗೆ ಮತ್ತೆ ಸೂಜಿ ಚುಚ್ಚುವುದು ತಪ್ಪೀತು. ಬಿಸಿಲಿನಲ್ಲಿ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.