ಗನ್ ನಿಂತ ಮೇಲಿನ 20 ನಿಮಿಷ

ಗ್ಯಾರೇಜಿನ ಪೇಂಟರಿಗೆ ಥಿನ್ನರ್ ಘಾಟು ಎಷ್ಟು ಒಗ್ಗಿಹೋಗಿರುತ್ತದೆ ಎಂದರೆ, ಮೂಗಿಗೆ ಏನೂ ಬಡಿಯದಿದ್ದರೆ ಗಾಳಿ ಚೊಕ್ಕಟವಾಗಿದೆ ಎಂದೇ ಅವರು ತಿಳಿಯುತ್ತಾರೆ. ಈ ಕಸುಬಿನ ಅತಿ ಕೆಟ್ಟ ಕಾಯಿಲೆ ಒಳಗೆ ಬರುವುದು ಆ ನಂಬಿಕೆಯ ಬಾಗಿಲಿನಿಂದಲೇ. ಘಾಟು ಇರುವ ಥಿನ್ನರ್ ಅಪಾಯಕಾರಿ, ಸರಿ. ಆದರೆ ಅದಕ್ಕಿಂತ ಭಯಪಡಬೇಕಾದ ವಸ್ತು ಪಕ್ಕದ ಚಿಕ್ಕ ಡಬ್ಬಿಯಲ್ಲಿದೆ: ಹಾರ್ಡನರ್.

ಹಿಂದೆ ಕಾರಿಗೆ ಹೊಡೆಯುತ್ತಿದ್ದ ಎನ್‌ಸಿ ಬಣ್ಣದಲ್ಲಿ ಹಾರ್ಡನರ್ ಇರಲಿಲ್ಲ. ನೈಟ್ರೊಸೆಲ್ಯುಲೋಸನ್ನು ಥಿನ್ನರಿನಲ್ಲಿ ಕರಗಿಸಿ ಹೊಡೆದರೆ, ಥಿನ್ನರ್ ಹಾರಿಹೋಗಿ ಬಣ್ಣ ಉಳಿಯುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ‘ಡ್ಯೂಕೊ’ ಎಂಬ ಹೆಸರಿನಲ್ಲಿ ಇದನ್ನು ಕಾರುಗಳಿಗೆ ತಂದಿತು. ನಮ್ಮ ಮರಗೆಲಸದವರ ಬಾಯಲ್ಲಿ ಡ್ಯೂಕೊ ಪೇಂಟ್ ಇನ್ನೂ ಬದುಕಿದೆ. ಈಗ ಕಾರಿನ ಮೇಲೆ ಗಾಜಿನಂತೆ ಹೊಳೆಯುವುದು 2ಕೆ ಕ್ಲಿಯರ್. ಎರಡು ಡಬ್ಬಿಗಳ ದ್ರವ ಬೆರೆತಾಗ ರಾಸಾಯನಿಕ ಕ್ರಿಯೆ ನಡೆದು ಗಟ್ಟಿ ಪದರ ಆಗುತ್ತದೆ. ಹಾರ್ಡನರ್ ಡಬ್ಬಿಯಲ್ಲಿರುವುದು ಐಸೊಸಯನೇಟ್ ಗುಂಪಿನ ವಸ್ತು.

ಹೆಸರು ಕೇಳಿದೊಡನೆ 1984ರ ಭೋಪಾಲ ನೆನಪಾಗುತ್ತದೆ. ಅಲ್ಲಿ ಸೋರಿದ್ದು ಅದೇ ಗುಂಪಿನ ಮೀಥೈಲ್ ಐಸೊಸಯನೇಟ್. 39 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿದು ಆವಿಯಾಗುವಂಥದ್ದು. ಪೇಂಟಿನ ಹಾರ್ಡನರಿನಲ್ಲಿರುವುದು ಬೇರೆ, ದೊಡ್ಡ ಅಣುಗಳದು, ಸುಲಭವಾಗಿ ಆವಿಯಾಗುವುದಿಲ್ಲ. ಡಬ್ಬಿಯಲ್ಲಿ ಮುಚ್ಚಿಟ್ಟಷ್ಟು ಹೊತ್ತು ಅದು ಸಾಧು. ತೊಂದರೆ ಶುರುವಾಗುವುದು ಸ್ಪ್ರೇ ಗನ್ ಅದನ್ನು ಮಂಜಾಗಿ ಒಡೆದು ಗಾಳಿಗೆ ತೂರಿದಾಗ.

ಆ ಮಂಜು ಎದೆಗೆ ಇಳಿಯುತ್ತ ಇಳಿಯುತ್ತ, ಕೆಲವರ ದೇಹ ಒಂದು ದಿನ ಅದನ್ನು ಶತ್ರು ಎಂದು ಗುರುತು ಹಿಡಿದುಬಿಡುತ್ತದೆ. ಅಲ್ಲಿಗೆ ಆಸ್ತಮಾ. ಒಮ್ಮೆ ಹೀಗಾಯಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಸಾಕು, ಉಸಿರು ಕಟ್ಟುತ್ತದೆ. ಹತ್ತಾರು ವರ್ಷ ಕಲಿತ ಕೈಕೆಲಸವನ್ನು ಬಿಡಬೇಕಾಗುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಲೆಕ್ಕದಲ್ಲಿ, ಕೆಲಸದಿಂದ ಬರುವ ಆಸ್ತಮಾದ ಅಪಾಯ ಅಲ್ಲಿನ ಉಳಿದ ದುಡಿಯುವವರಿಗಿಂತ ವಾಹನಗಳ ಪೇಂಟರುಗಳಿಗೆ ಸುಮಾರು 80 ಪಟ್ಟು ಹೆಚ್ಚು. ಎಂಟು ಗಂಟೆಯ ಪಾಳಿಗೆ ಅಲ್ಲಿ ಇಟ್ಟಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ 0.02 ಮಿಲಿಗ್ರಾಂ. ಅಷ್ಟನ್ನು ಯಾವ ಮೂಗೂ ಹಿಡಿಯಲಾರದು.

ಈ ಕಾಯಿಲೆಗೆ ಇನ್ನೊಂದು ಕಪಟವಿದೆ. ಗನ್ ಹಿಡಿದಾಗ ಕೆಮ್ಮು ಬರದೆ, ಮನೆಗೆ ಹೋಗಿ ಮಲಗಿದ ಮೇಲೆ, ನಡುರಾತ್ರಿ ಬರಬಹುದು. ಹಾಗಾಗಿ ದೂರು ಚಳಿಯ ಮೇಲೋ ಫ್ಯಾನಿನ ಮೇಲೋ ಬೀಳುತ್ತದೆ, ಕೆಲಸದ ಮೇಲೆ ಬೀಳುವುದಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಇದ್ದಾಗ ಉಸಿರು ಹಗುರಾಗಿ, ಮರಳಿ ಗ್ಯಾರೇಜಿಗೆ ಬಂದೊಡನೆ ಎದೆ ಬಿಗಿಯತೊಡಗಿದರೆ, ಊರಿನ ಹವೆಯ ಗುಣ ಹಾಡುವ ಮೊದಲು ಹಾರ್ಡನರ್ ಡಬ್ಬಿಯ ಕಡೆ ನೋಡಬೇಕು. ಸಂಜೆ ಒಂದು ತುಂಡು ಬೆಲ್ಲ ತಿಂದರೆ, ಒಂದು ಲೋಟ ಹಾಲು ಕುಡಿದರೆ ಎಲ್ಲ ಇಳಿದುಹೋಗುತ್ತದೆ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಮಂಜು ಹೋಗಿರುವುದು ಶ್ವಾಸಕೋಶಕ್ಕೆ. ಎರಡೂ ಭೇಟಿಯಾಗುವುದೇ ಇಲ್ಲ.

ಈಗ ಗನ್ ನಿಂತ ಕ್ಷಣಕ್ಕೆ ಬರೋಣ. ಒಂದು ಕೋಟ್ ಮುಗಿಯಿತು. ಪೇಂಟರ್ ಮಾಡುವ ಮೊದಲ ಕೆಲಸ, ಮಾಸ್ಕ್ ಮೇಲೆತ್ತಿ, ಬಾನೆಟ್ಟಿಗೆ ಮುಖ ಹತ್ತಿರ ತಂದು ಓರೆಯಾಗಿ ನೋಡುವುದು: ಎಲ್ಲಾದರೂ ಬಣ್ಣ ಇಳಿದಿದೆಯೇ, ದೂಳು ಕೂತಿದೆಯೇ? ಕಸುಬು ಬಲ್ಲವರು ಯಾರೇ ಆದರೂ ಹೀಗೆಯೇ ನೋಡುತ್ತಾರೆ. ಕಣ್ಣಿಗೆ ಗಾಳಿ ತಿಳಿಯಾಗಿ ಕಾಣುತ್ತದೆ. ಆದರೆ ದಪ್ಪ ಹನಿಗಳು ಕೆಳಗೆ ಬಿದ್ದಿರುತ್ತವೆ ಅಷ್ಟೇ. ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಹನಿಗಳು ಸಾಮಾನ್ಯ ಬೆಳಕಿನಲ್ಲಿ ಕಾಣುವುದಿಲ್ಲ, ಅವು ಇನ್ನೂ ತೇಲುತ್ತಿರುತ್ತವೆ. ಗಾಳಿ ಎಳೆಯುವ ಒಳ್ಳೆಯ ಬೂತಿನಲ್ಲಿ ಅವು ಹೊರಹೋಗಲು ಕೆಲವು ನಿಮಿಷ ಸಾಕು. ಫ್ಯಾನ್ ಹಾಕಿದ ಬರೀ ಕೋಣೆಯಾದರೆ 20 ನಿಮಿಷ, ಇನ್ನೂ ಹೆಚ್ಚೂ ಬೇಕಾದೀತು. ಅಷ್ಟು ಹೊತ್ತೂ ಮಾಸ್ಕ್ ಮುಖದ ಮೇಲೆ, ಫ್ಯಾನ್ ಚಾಲೂ. ಫಿನಿಶ್ ನೋಡಲೇಬೇಕೆಂದರೆ ಮಾಸ್ಕಿನ ಗಾಜಿನ ಮೂಲಕವೇ ನೋಡಬೇಕು. ಅದಕ್ಕಾಗಿ ಗಾಜಿನ ಮೇಲೆ ಅಂಟಿಸುವ ಪಾರದರ್ಶಕ ಹಾಳೆಯನ್ನು ಆಗಾಗ ಬದಲಿಸಬೇಕು. ಮೂಗೂ ಕಣ್ಣೂ ಹೇಳದ್ದನ್ನು ಇಲ್ಲಿ ಗಡಿಯಾರ ಹೇಳುತ್ತದೆ.

ಮಾಸ್ಕ್ ಎಂದರೆ ಯಾವುದು? ಕರ್ಚೀಫು ಲೆಕ್ಕಕ್ಕಿಲ್ಲ. ಎನ್95 ದೂಳಿಗೆ ಸರಿ, ಥಿನ್ನರ್ ಆವಿಯನ್ನು ಅದು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಆವಿಯನ್ನು ಹೀರುತ್ತದೆ, ಆದರೆ ಒಂದು ದಿನ ತುಂಬಿಹೋಗುತ್ತದೆ. ಥಿನ್ನರ್ ವಾಸನೆ ಬರತೊಡಗಿದರೆ ತುಂಬಿತೆಂದು ಗೊತ್ತಾಗುತ್ತದೆ. ಐಸೊಸಯನೇಟ್ ಒಳಗೆ ನುಗ್ಗಿದರೆ ಯಾವ ಸೂಚನೆಯೂ ಇಲ್ಲ. ಅದಕ್ಕೇ 2ಕೆ ಹೊಡೆಯುವವರಿಗೆ ಕೊಳವೆಯಲ್ಲಿ ಹೊರಗಿನ ಗಾಳಿ ಬರುವ ಏರ್-ಫೆಡ್ ಮಾಸ್ಕೇ ಸರಿ. ಅದರಲ್ಲೂ ಆ ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಜನರೇಟರ್ ಹೊಗೆಯ ಪಕ್ಕದಲ್ಲಿದ್ದರೆ ಕೊಳವೆಯಲ್ಲಿ ಬರುವುದು ಕಾರ್ಬನ್ ಮಾನಾಕ್ಸೈಡ್. ಅತಿಯಾಗಿ ಕಾದ ಕಂಪ್ರೆಸರಿನ ಆಯಿಲ್ ಕೂಡ ಅದನ್ನು ಹುಟ್ಟಿಸಬಲ್ಲದು.

ನನ್ನನ್ನು ಹೆಚ್ಚು ಕಾಡುವುದು ಪಕ್ಕದಲ್ಲಿ ಲೈಟ್ ಹಿಡಿದು ನಿಂತ ಹುಡುಗ. ಮಾಸ್ಕ್ ತರುವುದು ಮೇಸ್ತ್ರಿಗೆ ಒಬ್ಬರಿಗೆ, ಗಾಳಿ ಕುಡಿಯುವುದು ಐದು ಜನ. ಸ್ಪ್ರೇ ನಡೆಯುವಾಗ ಮಾಸ್ಕ್ ಇಲ್ಲದವರೆಲ್ಲ ಹೊರಗೆ ಹೋಗಬೇಕು, ಟಿಂಕರಿಂಗ್ ಕೆಲಸದವರೂ ಸೇರಿ. ಇದಕ್ಕೆ ಕಾಸು ಖರ್ಚಿಲ್ಲ. 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲಿ ಐಸೊಸಯನೇಟ್ ವಿಷಬಾಧೆಯನ್ನೂ ಸೇರಿಸಲಾಗಿತ್ತು. ಆದರೆ ಕರೆಂಟ್ ಬಳಸುವ ಕಡೆ 10 ಜನ ದುಡಿದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ ಎನಿಸುತ್ತಿತ್ತು. ರಸ್ತೆ ಬದಿಯ ಗ್ಯಾರೇಜು ಆ ಲೆಕ್ಕಕ್ಕೆ ಸಿಗುತ್ತಿದ್ದುದು ಅಪರೂಪ.

ಇನ್ನು ಥಿನ್ನರ್. ಅದರಲ್ಲಿ ಸಾಮಾನ್ಯವಾಗಿ ಇರುವ ಟೊಲ್ಯೂಯಿನ್, 4 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಊರುಗಳಲ್ಲಿ ಅದಕ್ಕಿಂತ ತಣ್ಣಗಿನ ಗ್ಯಾರೇಜು ಎಲ್ಲಿದೆ? ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಗುಂಡಿಯಲ್ಲಿ ನಿಲ್ಲುತ್ತದೆ, ಮೂಲೆಯ ದೇವರ ಪಟದ ದೀಪ ಊದುಬತ್ತಿಯವರೆಗೂ, ಕಂಪ್ರೆಸರಿನ ಸ್ವಿಚ್ಚಿನವರೆಗೂ ಹೋಗುತ್ತದೆ. ಪೂಜೆ ಮೊದಲು ಮುಗಿಸಿ, ದೀಪ ಆರಿದ ಮೇಲೆ ಡಬ್ಬಿ ತೆರೆಯಿರಿ. ಕೈಗೆ ಹತ್ತಿದ ಬಣ್ಣವನ್ನು ಥಿನ್ನರಿನಲ್ಲಿ ತೊಳೆದರೆ ಚರ್ಮದ ಎಣ್ಣೆ ಅಂಶವೂ ಹೋಗಿ ಕೈ ಒಡೆಯುತ್ತದೆ. ನೈಟ್ರೈಲ್ ಗ್ಲೌಸು ಮೊದಲೇ ಹಾಕಿದ್ದರೆ ಆ ಪ್ರಮೇಯವೇ ಬರದು. ಉಳಿದ ಥಿನ್ನರನ್ನು ನೀರಿನ ಬಾಟಲಿಗೆ ತುಂಬಿಡುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅನಾಹುತ. ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾರ್ಡನರಿಗೆ ನೀರು ಆಗದು. ತೇವ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಮುಚ್ಚಿದ ಡಬ್ಬಿ ಉಬ್ಬಿ ಒಡೆಯಬಹುದು. ಮಳೆಗಾಲದಲ್ಲಿ ಉಬ್ಬಿದ ಡಬ್ಬಿ ಕಂಡರೆ ಮುಖ ಹತ್ತಿರ ಒಯ್ಯಬೇಡಿ.

ಹಳೆಯ ಲಾರಿಯೋ ಬಸ್ಸೋ ಬಂದರೆ ಉಜ್ಜುವ ದೂಳಿನ ಬಗ್ಗೆಯೂ ಎಚ್ಚರ ಬೇಕು. ಹಳೆಯ ಹಳದಿ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ ಇರುವುದುಂಟು. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದರೆ ದೂಳು ಏಳುವುದಿಲ್ಲ. ಬಟ್ಟೆ ಮೇಲಿನದನ್ನು ಕಂಪ್ರೆಸರ್ ಗಾಳಿಯಿಂದ ಊದಿಸಿಕೊಳ್ಳುವುದು ಬೇಡ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವುದೂ ಬೇಡ.

ಎದೆ ಬಿಗಿತ ಶುರುವಾಗಿದ್ದರೆ ವೈದ್ಯರ ಬಳಿ ‘ಕೆಮ್ಮು’ ಎಂದಷ್ಟೇ ಹೇಳಿ ಬರಬೇಡಿ. 2ಕೆ ಸ್ಪ್ರೇ ಮಾಡುತ್ತೇನೆ ಎನ್ನಿ, ಹಾರ್ಡನರ್ ಡಬ್ಬಿಯ ಲೇಬಲ್ಲಿನ ಫೋಟೊ ತೋರಿಸಿ. ಊದಿ ನೋಡುವ ಪೀಕ್ ಫ್ಲೋ ಮೀಟರ್ ಕೊಟ್ಟರೆ, ಕೆಲಸದ ದಿನ ಎಷ್ಟು, ರಜೆಯ ದಿನ ಎಷ್ಟು ಎಂದು ಕೆಲವು ವಾರ ಬರೆದಿಟ್ಟು ಆ ಹಾಳೆಯನ್ನೂ ಒಯ್ಯಿರಿ.